ತಿಮ್ಮ ಎಂಬ ಹೆಸರು

ಆನೇಕಲ್ ಸೀಮೆಯ ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳದೆ ಇರದು. ಒಂದು ಪುಟದಲ್ಲಿ ತಿಮ್ಮಯ್ಯ, ಮುಂದಿನ ಪುಟದಲ್ಲಿ ತಿಮ್ಮರಾಯಪ್ಪ, ಅದರ ಕೆಳಗೆ ಚಿಕ್ಕತಿಮ್ಮಯ್ಯ, ಮುನಿತಿಮ್ಮಯ್ಯ, ತಿಮ್ಮರಾಜು. ಹೆಣ್ಣುಮಕ್ಕಳಲ್ಲಿ ತಿಮ್ಮಕ್ಕ, ತಿಮ್ಮಮ್ಮ, ತಿಮ್ಮಾಜಮ್ಮ. ಶಾಯಿ ಮಾಸಿದ ಆ ಪುಟಗಳನ್ನು ಬಿಟ್ಟು ಈ ವರ್ಷದ ಹಾಜರಿ ಪುಸ್ತಕಕ್ಕೆ ಬಂದರೆ ಆ ಹೆಸರು ಮಾಯವಾಗಿರುತ್ತದೆ. ಎಲ್ಲಿಯಾದರೂ ಉಳಿದಿದ್ದರೆ ತಂದೆಯ ಹೆಸರು ಬರೆಯುವ ಅಂಕಣದಲ್ಲಿ ಉಳಿದಿರುತ್ತದೆ. ಮೂರು ತಲೆಮಾರಿನ ಹಿಂದೆ ಮನೆಗೊಬ್ಬನಂತೆ ಇದ್ದ ತಿಮ್ಮ ಈಗ ತೊಟ್ಟಿಲಿಗೆ ಬರುವುದನ್ನು ನಿಲ್ಲಿಸಿದ್ದಾನೆ.

ಚಂದಾಪುರದ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಕನ್ನಡ ಪಾಠ ಹೇಳುವ ನನ್ನಂಥವನು ಈ ಹೆಸರಿನ ಅರ್ಥವೇನೆಂದು ತರಗತಿಯಲ್ಲಿ ಕೇಳಿದರೆ, ಬರುವ ಉತ್ತರ ಎರಡೇ. ಒಂದು, ‘ಅದಕ್ಕೆ ಅರ್ಥ ಇಲ್ಲ ಸಾರ್, ಹಳ್ಳಿ ಹೆಸರು’ ಎಂಬುದು. ಇನ್ನೊಂದು ಉತ್ತರವಲ್ಲ, ನಗೆ. ಈ ನಗೆ ಎಲ್ಲಿಂದ ಬಂತು, ಅರ್ಥವಿಲ್ಲವೆಂಬ ಮಾತು ನಿಜವೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ತಿಮ್ಮ ಎಂಬುದು ತಿರುಮಲ ಎಂಬುದರ ಸವೆದ ರೂಪ. ‘ತಿರು’ ಎಂದರೆ ಶ್ರೀ ಎಂಬುದಕ್ಕೆ ಸಮನಾದ ಮಾತು. ‘ಮಲೆ’ ನಮಗೆಲ್ಲ ತಿಳಿದದ್ದೇ, ಮಲೆನಾಡು, ಮಲೆ ಮಹದೇಶ್ವರ ಎಂಬಲ್ಲಿ ಇರುವ ಬೆಟ್ಟ. ಎರಡೂ ಸೇರಿ ಶ್ರೀಗಿರಿ, ಪವಿತ್ರವಾದ ಬೆಟ್ಟ ಎಂದಾಯಿತು. ಸವೆದದ್ದು ಹೇಗೆ? ನಡುವಿನ ಉಕಾರ ಬಿದ್ದು ತಿರ್ಮ ಎಂದಾಗಿ, ರಕಾರವು ಮುಂದಿನ ಮಕಾರದಲ್ಲಿ ಕರಗಿ ತಿಮ್ಮ ಎಂದಾಯಿತು. ಇದು ಕನ್ನಡಕ್ಕೆ ಹೊಸದಲ್ಲ. ಹಳಗನ್ನಡದ ‘ಕರ್ಬುನ’ ನಮ್ಮ ಬಾಯಲ್ಲಿ ಕಬ್ಬಿಣವಾಗಿದೆ. ‘ಇರ್ವರ್’ ಎಂಬುದು ಇಬ್ಬರು ಆಗಿದೆ. ಸಂಸ್ಕೃತದ ಧರ್ಮ ಪ್ರಾಕೃತದಲ್ಲಿ ಧಮ್ಮವಾದದ್ದೂ ಇದೇ ಜಾಡಿನಲ್ಲಿ. ನಾಲಗೆ ಸುಲಭವಾದ ದಾರಿಯನ್ನು ಹಿಡಿಯುತ್ತದೆ. ವ್ಯಾಕರಣ ಆಮೇಲೆ ಬಂದು ಅದಕ್ಕೊಂದು ಸೂತ್ರ ಬರೆಯುತ್ತದೆ. ಹೀಗೆ ಸಿದ್ಧವಾದ ತಿಮ್ಮನಿಗೆ ಅಪ್ಪ, ಅಣ್ಣ, ಅಯ್ಯ, ಅಕ್ಕ, ಅಮ್ಮ, ಅರಸು ಎಂಬ ಗೌರವದ ಮಾತುಗಳು ಸೇರಿ ಲೋಪಸಂಧಿಯ ಉದಾಹರಣೆಗಳು ಬೇಕಾದಷ್ಟು ಹುಟ್ಟಿದವು.

ಬೆಟ್ಟದ ಹೆಸರು ಮನುಷ್ಯನ ಹೆಸರಾದದ್ದು ದೇವರ ಮೂಲಕ. ತಿರುಪತಿಯ ಬೆಟ್ಟದ ಮೇಲಿನ ಸ್ವಾಮಿಯನ್ನು ಕನ್ನಡಿಗರು ಕರೆಯುವುದೇ ತಿಮ್ಮಪ್ಪ ಎಂದು. ಪುರಾಣದ ಹೆಸರುಗಳು, ಸಹಸ್ರನಾಮದ ಹೆಸರುಗಳು ಎಷ್ಟೇ ಇರಲಿ, ಮಗುವಿಗೆ ಜ್ವರ ಬಂದ ರಾತ್ರಿ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ತೆಗೆದಿರಿಸುವ ತಾಯಿಯ ಬಾಯಲ್ಲಿ ಬರುವುದು ‘ಅಪ್ಪಾ ತಿಮ್ಮಪ್ಪ’ ಎಂಬ ಮಾತೇ. ನಮ್ಮ ಸೀಮೆಗೆ ಈ ದೇವರು ದೂರದವನೂ ಅಲ್ಲ. ಆನೇಕಲ್ಲಿನಲ್ಲಿ ತಿಮ್ಮರಾಯಸ್ವಾಮಿಯ ದೇವಾಲಯವಿದೆ. ಮಾಲೂರು ತಾಲ್ಲೂಕಿನಲ್ಲಿ ಚಿಕ್ಕತಿರುಪತಿ ಇದೆ. ತಿಮ್ಮರಾಯನನ್ನು ಮನೆದೇವರೆಂದು ನಡೆದುಕೊಳ್ಳುವ ಒಕ್ಕಲುಗಳು ಜಾತಿಯ ಗಡಿಯನ್ನು ಮೀರಿ ಹರಡಿವೆ. ಆ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಒಬ್ಬನಾದರೂ ತಿಮ್ಮನಾಗುವುದು ಹರಕೆಯ ಲೆಕ್ಕ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯೂ ಇದಕ್ಕೆ ಸೇರಿ, ಹೆಸರು ತಲೆ ಬಿಟ್ಟು ತಲೆಗೆ ಹಾರುತ್ತ ಬಂತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವೆಂಕಟ ಎಂಬುದೂ ಬೆಟ್ಟದ ಹೆಸರೇ. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂನ ಪೀಠಿಕೆಯಲ್ಲಿ ತಮಿಳುನಾಡಿನ ಉತ್ತರದ ಎಲ್ಲೆಯೆಂದು ವೇಂಗಡವನ್ನು ಹೇಳಿದೆ. ಆ ವೇಂಗಡವೇ ನಮ್ಮ ವೆಂಕಟ. ಸಂಸ್ಕೃತದ ಜೊತೆಯಲ್ಲಿ ಬಹುಕಾಲ ಕುಳಿತದ್ದರಿಂದ ಅದಕ್ಕೆ ಈಶ, ರಮಣ, ಆಚಲಪತಿ ಎಂಬ ಉತ್ತರಪದಗಳು ದೊರೆತವು; ಪಾಪವನ್ನು ಸುಡುವುದು ಎಂಬ ಅರ್ಥವನ್ನೂ ಪೌರಾಣಿಕರು ಕಟ್ಟಿಕೊಟ್ಟರು. ಶೇಷಾದ್ರಿ ಎಂಬುದೂ ಅಲ್ಲಿಯ ಏಳು ಬೆಟ್ಟಗಳಲ್ಲಿ ಒಂದರ ಹೆಸರು. ೧೮೮೩ರಿಂದ ೧೯೦೧ರವರೆಗೆ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ಬೆಂಗಳೂರಿನಲ್ಲಿ ಅವರ ಹೆಸರಿನ ಬಡಾವಣೆಯೇ ಇದೆ. ವೆಂಕಟೇಶನನ್ನು ಕಂಡು ಯಾರೂ ನಗುವುದಿಲ್ಲ, ಶೇಷಾದ್ರಿಯನ್ನು ಕಂಡು ಯಾರೂ ನಗುವುದಿಲ್ಲ. ಅದೇ ಬೆಟ್ಟ ಕನ್ನಡದ ಬಾಯಲ್ಲಿ ತಿಮ್ಮನಾದಾಗ ನಗುತ್ತಾರೆ. ಅರ್ಥದಲ್ಲಿ ಭೇದವಿಲ್ಲ, ಹುಟ್ಟಿನಲ್ಲಿ ಭೇದವಿಲ್ಲ. ಭೇದವಿರುವುದು ಸಹವಾಸದಲ್ಲಿ ಮಾತ್ರ.

ಹಿಂದಿನವರಿಗೆ ಈ ಭೇದ ತಿಳಿದಿರಲಿಲ್ಲ ಎಂಬುದಕ್ಕೆ ವಿಜಯನಗರದ ಚರಿತ್ರೆಯೇ ಸಾಕ್ಷಿ. ತುಳುವ ವಂಶದ ಶಾಸನಗಳು ಹೇಳುವ ವಂಶಾವಳಿಯಲ್ಲಿ ತಿಮ್ಮ, ಅವನ ಮಗ ಈಶ್ವರ, ಅವನ ಮಗ ನರಸ, ನರಸನ ಮಗ ಕೃಷ್ಣದೇವರಾಯ. ಎಂದರೆ ಕೃಷ್ಣದೇವರಾಯನ ಮುತ್ತಾತ ತಿಮ್ಮ. ರಾಯನ ಪಟ್ಟದ ರಾಣಿ ತಿರುಮಲದೇವಿ, ರಾಯನ ಮಗ ತಿರುಮಲ. ಮಂತ್ರಿ ಸಾಳ್ವ ತಿಮ್ಮರಸು. ಮುತ್ತಾತನಿಂದ ಮರಿಮಗನ ಮಗನವರೆಗೆ, ಅಂತಃಪುರದಿಂದ ಆಸ್ಥಾನದವರೆಗೆ, ಒಂದೇ ಹೆಸರು ಎರಡು ರೂಪಗಳಲ್ಲಿ ಓಡಾಡುತ್ತಿತ್ತು. ಅಚ್ಯುತರಾಯನ ಭಾವಮೈದುನನಾದ ಸಲಕರಾಜನನ್ನು ಚರಿತ್ರಕಾರರು ಒಮ್ಮೆ ತಿರುಮಲನೆಂದೂ ಒಮ್ಮೆ ತಿಮ್ಮನೆಂದೂ ಕರೆಯುತ್ತಾರೆ, ವ್ಯಕ್ತಿ ಒಬ್ಬನೇ. ಅಳಿಯ ರಾಮರಾಯನ ತಮ್ಮಂದಿರಿಬ್ಬರ ಹೆಸರು ತಿರುಮಲ ಮತ್ತು ವೆಂಕಟಾದ್ರಿ. ಒಂದೇ ಮನೆಯಲ್ಲಿ ಒಂದೇ ಬೆಟ್ಟ ಎರಡು ಹೆಸರು ಹೊತ್ತು ಬೆಳೆಯಿತು. ೧೫೬೫ರ ಯುದ್ಧದಲ್ಲಿ ರಾಮರಾಯನೂ ವೆಂಕಟಾದ್ರಿಯೂ ಮಡಿದರು. ತಿರುಮಲ ಉಳಿದು, ಪೆನುಗೊಂಡೆಯಲ್ಲಿ ಅರವೀಡು ವಂಶದ ಆಳ್ವಿಕೆಗೆ ತೊಡಗಿದ.

ತಿಮ್ಮರಸುವಿನ ಕಥೆಯಲ್ಲಿ ಸ್ವಲ್ಪ ನಿಲ್ಲದೆ ಮುಂದೆ ಹೋಗುವುದು ನನ್ನಿಂದಾಗದು. ರಾಯನು ಅಪ್ಪಾಜಿ ಎಂದು ಕರೆಯುತ್ತಿದ್ದನೆಂದು ಪ್ರತೀತಿ ಇರುವ ಮಂತ್ರಿ ಆತ. ೧೫೦೯ರಲ್ಲಿ ಕೃಷ್ಣದೇವರಾಯ ಸಿಂಹಾಸನವೇರುವುದಕ್ಕೂ, ಮುಂದೆ ಪೂರ್ವದ ದಂಡಯಾತ್ರೆಗಳು ಗೆಲುವಿನಲ್ಲಿ ಮುಗಿಯುವುದಕ್ಕೂ ಆತನ ಬುದ್ಧಿಯೇ ಬೆನ್ನೆಲುಬು. ಹಂಪೆಯಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿರುವಂತೆ, ರಾಯನು ತನ್ನ ಎಳೆಯ ಮಗನಿಗೆ ಬದುಕಿರುವಾಗಲೇ ಪಟ್ಟ ಕಟ್ಟಿದನು. ಕೆಲವೇ ತಿಂಗಳುಗಳಲ್ಲಿ ಬಾಲಕ ಕಾಯಿಲೆಯಿಂದ ತೀರಿಕೊಂಡ. ವಿಷವಿಕ್ಕಿದವರು ಮಂತ್ರಿಯ ಮನೆಯವರೆಂದು ಯಾರೋ ಕಿವಿಯೂದಿದರು. ರಾಯನು ಮುದುಕನಾದ ಮಂತ್ರಿಯನ್ನು ಸೆರೆಗೆ ಹಾಕಿ ಕಣ್ಣು ಕೀಳಿಸಿದನು. ಸತ್ತ ಮಗು ತಿರುಮಲ. ಕಣ್ಣು ಕಳೆದುಕೊಂಡ ಮಂತ್ರಿ ತಿಮ್ಮ. ಇಬ್ಬರ ಹೆಸರೂ ಒಂದೇ ಎಂಬುದು ಪಾಠ ಹೇಳುವಾಗ ಯಾರಿಗೂ ಹೊಳೆಯುವುದಿಲ್ಲ. ಯಾವ ಬೆಟ್ಟಕ್ಕೆ ರಾಯನು ಏಳು ಸಲ ಹೋಗಿ ಬಂದನೋ, ಯಾವ ಬೆಟ್ಟದಲ್ಲಿ ಇಂದಿಗೂ ಅವನ ಮತ್ತು ಇಬ್ಬರು ರಾಣಿಯರ ಪ್ರತಿಮೆಗಳು ಕೈಮುಗಿದು ನಿಂತಿವೆಯೋ, ಆ ಬೆಟ್ಟದ ಹೆಸರನ್ನೇ ಅವರಿಬ್ಬರೂ ಹೊತ್ತಿದ್ದರು.

ಅರಮನೆಯ ಭಕ್ತಿ ಊರಿನ ಪದ್ಧತಿಯಾಗಲು ತಡವಾಗುವುದಿಲ್ಲ. ವಿಜಯನಗರದ ಕಾಲದಲ್ಲಿ ತಿರುಪತಿಗೆ ದೊರೆತ ಪ್ರಾಶಸ್ತ್ಯದಿಂದಲೇ ತಿಮ್ಮ ಎಂಬ ಹೆಸರು ಕನ್ನಡ, ತೆಲುಗು ನಾಡುಗಳಲ್ಲಿ ಹೀಗೆ ದಟ್ಟವಾಗಿ ಹಬ್ಬಿತೆಂದು ನನ್ನ ಅಭಿಪ್ರಾಯ. ಕುಮಾರವ್ಯಾಸನು ನಿಲ್ಲಿಸಿದ್ದ ಭಾರತವನ್ನು ಶಾಂತಿಪರ್ವದಿಂದ ಮುಂದಕ್ಕೆ ಹೇಳಿದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಅದೇ ಆಸ್ಥಾನದ ತೆಲುಗು ಕವಿ ನಂದಿ ತಿಮ್ಮನ. ಮೈಸೂರಿನ ಒಡೆಯರಲ್ಲಿ ತಿಮ್ಮರಾಜನೆಂಬ ಹೆಸರಿನವರು ಇಬ್ಬರು ಆಳಿದರು, ಒಬ್ಬರು ೧೪೫೯ರಿಂದ, ಇನ್ನೊಬ್ಬರು ೧೫೫೩ರಿಂದ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು ತಿರುಮಲನೆಂಬ ವಿಜಯನಗರದ ಪ್ರತಿನಿಧಿಯಿಂದ. ಹಾವೇರಿ ಸೀಮೆಯ ಬಾಡದಲ್ಲಿ ಬೀರೇಗೌಡ, ಬಚ್ಚಮ್ಮ ಎಂಬ ದಂಪತಿಗಳಿಗೆ ತಿರುಪತಿಯ ಹರಕೆಯಿಂದ ಹುಟ್ಟಿದನೆಂದು ನಂಬಲಾದ ಮಗುವಿಗೂ ತಿಮ್ಮಪ್ಪ ಎಂದೇ ಹೆಸರಿಟ್ಟರು. ಆ ತಿಮ್ಮಪ್ಪ ನಾಯಕನೇ ಮುಂದೆ ಕನಕದಾಸ.

ನಮ್ಮ ಆನೇಕಲ್ಲಿನ ಮಾತಿಗೆ ಬರೋಣ. ಇಲ್ಲಿಯ ಕೋಟೆಯನ್ನು ಹದಿನೇಳನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವರು ಸುಗಟೂರಿನ ಪಾಳೆಯಗಾರರ ವಂಶದವರು. ಆ ವಂಶದ ಗೌಡರ ಹೆಸರು ಕೆಲವು ಬರಹಗಳಲ್ಲಿ ತಮ್ಮೇಗೌಡ ಎಂದೂ ಕೆಲವು ಬರಹಗಳಲ್ಲಿ ತಿಮ್ಮೇಗೌಡ ಎಂದೂ ಕಾಣುತ್ತದೆ. ತಮ್ಮ ಬೇರೆ, ತಿಮ್ಮ ಬೇರೆ. ಮೊದಲನೆಯದು ಒಡಹುಟ್ಟಿದವನು, ಎರಡನೆಯದು ಬೆಟ್ಟದವನು. ಒಂದು ಗುಡಿಸು ಇದ್ದರೆ ದೇವರು, ಇಲ್ಲದಿದ್ದರೆ ತಮ್ಮ ಎಂದು ಮಕ್ಕಳಿಗೆ ಹೇಳಿದರೆ ಅವರು ಮರೆಯುವುದಿಲ್ಲ.

ಇಷ್ಟು ದೊಡ್ಡ ಮನೆತನದ ಹೆಸರು ಹಾಸ್ಯಕ್ಕೆ ಇಳಿದದ್ದು ಹೇಗೆ? ಬಹಳ ಜನರಿಗೆ ಇರುವ ಹೆಸರು ಕ್ರಮೇಣ ಯಾರಿಗೂ ಸೇರದ ಹೆಸರಾಗುತ್ತದೆ. ಊರಿನಲ್ಲಿ ಹತ್ತು ಮಂದಿ ತಿಮ್ಮರಿದ್ದರೆ, ‘ಯಾರೋ ಒಬ್ಬ ತಿಮ್ಮ’ ಎಂದು ಕಥೆ ಹೇಳುವವನು ಆರಂಭಿಸುತ್ತಾನೆ. ಕಥೆಯಲ್ಲಿ ಮೋಸ ಹೋಗುವವನಿಗೆ ಒಂದು ಹೆಸರು ಬೇಕು; ಅದು ತಿಮ್ಮನ ಪಾಲಿಗೆ ಬಂತು. ಹಗ್ಗದ ಕೊನೆಯಲ್ಲಿ ಕುಣಿಯುವ ಕೋತಿಯನ್ನು ಜನ ತಿಮ್ಮ ಎಂದು ಕರೆದರು. ದಡ್ಡನು ಮಂಕುತಿಮ್ಮನಾದ. ಓದು ಬರಹ ಬಲ್ಲ ಮನೆಗಳಲ್ಲಿ ಶ್ರೀನಿವಾಸ, ವೆಂಕಟರಮಣ ಎಂಬ ಹೆಸರುಗಳು ನೆಲೆಗೊಂಡ ಮೇಲೆ ಉಳುವವರ, ಕೂಲಿಯವರ ಮನೆಗಳಲ್ಲಿ ತಿಮ್ಮ ಉಳಿದ. ಹೆಸರಿನ ಮೇಲಿನ ನಗೆ ಎಂದರೆ ಅರ್ಧಪಾಲು ಆ ಮನೆಗಳ ಮೇಲಿನ ನಗೆಯೇ. ಇದನ್ನು ಹೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ನಮ್ಮ ಸಾಹಿತಿಗಳು ಈ ಹೆಸರನ್ನು ಎರಡು ಬಗೆಯಲ್ಲಿ ಉಪಯೋಗಿಸಿದ್ದಾರೆ. ಬೀಚಿಯವರು ತಮ್ಮ ನಗೆಬರಹಗಳ ನಾಯಕನಿಗೆ ಇದೇ ಹೆಸರಿಟ್ಟು, ದಡ್ಡನಂತೆ ಮಾತನಾಡಿ ಜಾಣರ ಬಾಯಿ ಮುಚ್ಚಿಸುವವನನ್ನು ನಾಡಿಗೆಲ್ಲ ಪರಿಚಯಿಸಿದರು. ಡಿ. ವಿ. ಗುಂಡಪ್ಪನವರು ೧೯೪೩ರಲ್ಲಿ ಪ್ರಕಟಿಸಿದ ಕಗ್ಗದಲ್ಲಿ ಮಂಕುತಿಮ್ಮನೆಂಬ ಅಂಕಿತವನ್ನು ಧರಿಸಿದರು. ವೇದಾಂತದ ಅತಿ ಸೂಕ್ಷ್ಮವಾದ ಪ್ರಶ್ನೆಗಳನ್ನು ಎತ್ತುವ ಪದ್ಯಗಳಿಗೆ ಊರಿನ ದಡ್ಡನ ಹೆಸರೇ ಅವರಿಗೆ ಬೇಕಾಯಿತು. ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ತಿಮ್ಮಪ್ಪನ ಒಕ್ಕಲುಗಳು ತುಂಬಿದ ಕೋಲಾರದ ಸೀಮೆಯಲ್ಲಿ. ಅವರ ತಂದೆಯ ಹೆಸರು ವೆಂಕಟರಮಣಯ್ಯ. ತಂದೆಯ ಹೆಸರಿನಲ್ಲಿದ್ದ ದೇವರು ಮಗನ ಅಂಕಿತದಲ್ಲಿ ಬೇರೆ ಉಡುಪಿನಲ್ಲಿ ಬಂದು ಕುಳಿತ. ಇದು ಉದ್ದೇಶಪೂರ್ವಕವೋ ಅಲ್ಲವೋ, ನನಗಂತೂ ಬಹಳ ಸೊಗಸಾಗಿ ಕಾಣುತ್ತದೆ.

ಕೊಡಗಿನಲ್ಲಿ ಮಾತ್ರ ಈ ಹೆಸರಿಗೆ ಹಾಸ್ಯ ಅಂಟಲಿಲ್ಲ. ೧೯೫೭ರಿಂದ ೧೯೬೧ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಮುಂದೆ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿ ಸೈಪ್ರಸ್ ದ್ವೀಪಕ್ಕೆ ಹೋಗಿ, ೧೯೬೫ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ದ್ವೀಪದ ಜನ ಅವರ ಹೆಸರಿನಲ್ಲಿ ನಗತಕ್ಕದ್ದೇನನ್ನೂ ಕಾಣಲಿಲ್ಲ.

ನಮ್ಮ ಕಡೆ ಹೆಸರು ಕುಂದಿದ ವೇಗಕ್ಕೆ ಇನ್ನೊಂದು ಕಾರಣವೂ ಉಂಟು. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ರಾಗಿ ಹೊಲಗಳ ಬದಿಯಲ್ಲಿ ಬೊಮ್ಮಸಂದ್ರದ ಕಾರ್ಖಾನೆಗಳು ಬಂದವು. ಚಂದಾಪುರ ಹಳ್ಳಿಯಾಗಿದ್ದುದು ಪುರಸಭೆಯಾಯಿತು. ಅನ್ನ ದೊರೆಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಮನುಷ್ಯನ ಹೆಸರು ಈಗ ಮನೆಯ ಜಗಲಿಯಿಂದ ಎದ್ದು ಕೊರಳಿಗೆ ನೇತುಹಾಕುವ ಚೀಟಿಗೆ ಬಂತು. ಅಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ನಾವು ‘ತಿ’ ಎಂಬುದಕ್ಕೆ ಟಿ, ಎಚ್ ಎಂಬ ಎರಡು ಅಕ್ಷರಗಳನ್ನು ಹಾಕುತ್ತೇವೆ. ಉತ್ತರದಿಂದ ಬಂದವರು ಅದನ್ನು ಮಹಾಪ್ರಾಣವಾಗಿ ‘ಥಿಮ್ಮ’ ಎಂದು ಓದುತ್ತಾರೆ. ಹೆಸರು ಇಟ್ಟವರ ಉಚ್ಚಾರಣೆಯೂ ಹೋಯಿತು, ಅರ್ಥವೂ ಹೋಯಿತು. (ಬೊಮ್ಮಸಂದ್ರದ ಬೊಮ್ಮ ಬ್ರಹ್ಮನ ತದ್ಭವ, ಸಂದ್ರ ಸಮುದ್ರದ ತದ್ಭವ, ಎಂದರೆ ಕೆರೆ. ೨೦೨೫ರ ಆಗಸ್ಟಿನಿಂದ ಮೆಟ್ರೋ ರೈಲು ಅಲ್ಲಿಯವರೆಗೆ ಬರುತ್ತಿದೆ. ಊರಿನ ಹೆಸರಾಗಿ ಬೊಮ್ಮ ಉಳಿದುಕೊಂಡ. ಮಗುವಿಗೆ ಬೊಮ್ಮಣ್ಣ ಎಂದು ಹೆಸರಿಡುವವರು ಈಗ ಕಾಣುವುದಿಲ್ಲ.)

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಹೆಸರನ್ನು ಬದಲಾಯಿಸಬೇಕೆಂದು ಅವನ ತಂದೆ ಶಾಲೆಗೆ ಬಂದರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಮುದ್ರಿತವಾದ ಹೆಸರೇ ಮುಂದಿನ ಎಲ್ಲ ಕಾಗದಪತ್ರಗಳಿಗೆ ಆಧಾರ. ಆದಕಾರಣ ಇಂಥ ಕೋರಿಕೆಗಳು ಆ ಮೊದಲೇ ಬರುತ್ತವೆ. ಹುಡುಗನ ಹೆಸರು ತಿಮ್ಮರಾಯ. ಜೊತೆಯಲ್ಲಿ ಹುಡುಗನ ತಾತನೂ ಬಂದಿದ್ದರು. ಬಾಗಿಲ ಬಳಿಯಲ್ಲೇ ನಿಂತು, ಹೆಗಲ ವಸ್ತ್ರವನ್ನು ಕೈಗೆ ಸುತ್ತಿಕೊಳ್ಳುತ್ತ, ‘ಮೇಷ್ಟ್ರೇ, ಅದು ನಮ್ಮಪ್ಪನ ಹೆಸರು’ ಎಂದಷ್ಟೇ ಹೇಳಿದರು. ಮಗ ತಂದೆಯ ಕಡೆ ತಿರುಗಿ ನೋಡಲಿಲ್ಲ. ‘ನಾನು ಕಾರ್ಖಾನೇಲಿ ಇಪ್ಪತ್ತು ವರ್ಷ ಈ ಥರದ ಹೆಸರು ಇಟ್ಕೊಂಡು ದುಡಿದಿದೀನಿ ಸಾರ್. ಏನೇನು ಕೇಳಿದೀನಿ ಅಂತ ನನಗೆ ಗೊತ್ತು. ಇವನಿಗೆ ಅದು ಬೇಡ’ ಎಂದರು. ಆತನ ಹೆಸರೂ ತಿಮ್ಮನ ಬಳಗದ್ದೇ ಆಗಿತ್ತು.

ನಾನು ನನಗೆ ತಿಳಿದದ್ದನ್ನು ಹೇಳಿದೆ. ತಿಮ್ಮರಸುವಿನ ಮಾತು, ಕನಕದಾಸರ ಮಾತು. ಹುಡುಗ ಕಣ್ಣರಳಿಸಿ ಕೇಳಿದ. ತಂದೆಯೂ ಸಮಾಧಾನದಿಂದ ಕೇಳಿ, ‘ನೀವು ಹೇಳೋದು ನಿಜ ಸಾರ್, ಆದರೆ ಗೇಟಿನಲ್ಲಿ ನಿಂತವರಿಗೆ ಇದನ್ನೆಲ್ಲ ಯಾರು ಹೇಳ್ತಾರೆ?’ ಎಂದರು. ಈ ಪ್ರಶ್ನೆಗೆ ಪಂಡಿತರ ಬಳಿ ಉತ್ತರವಿಲ್ಲ. ಇಪ್ಪತ್ತು ವರ್ಷ ನಗೆಯನ್ನು ಸಹಿಸಿದವನು ತನ್ನ ಮಗನಿಗೆ ಅದನ್ನು ಆಸ್ತಿಯಾಗಿ ಕೊಡಲಾರೆನೆಂದರೆ, ಅವನನ್ನು ಸಂಸ್ಕೃತಿದ್ರೋಹಿ ಎಂದು ಜರೆಯುವುದು ಸುಲಭ, ನ್ಯಾಯವಲ್ಲ. ಹೆಸರು ಬದಲಾಯಿತು. ಹೊಸ ಹೆಸರೂ ತಕಾರದಿಂದಲೇ ಆರಂಭವಾಗುತ್ತದೆ. ಅಷ್ಟನ್ನು ತಾತ ಹಟ ಹಿಡಿದು ಉಳಿಸಿಕೊಂಡರು. ಆಮೇಲೆ ಗಮನವಿಟ್ಟು ನೋಡಿದರೆ, ನಮ್ಮ ಹಾಜರಿ ಪುಸ್ತಕಗಳಲ್ಲಿರುವ ತೇಜಸ್, ತರುಣ್, ತನುಷ್, ತನ್ಮಯ್‌ಗಳಲ್ಲಿ ಕೆಲವರ ಹಿಂದೆಯಾದರೂ ಇಂಥ ಒಬ್ಬ ತಾತ ನಿಂತಿದ್ದಾರೆ. ಹೆಸರು ಹೋಗಿ ಒಂದಕ್ಷರ ಉಳಿದಿದೆ.

ಹೆಂಗಸರ ಹೆಸರಿನ ವಿಷಯ ಹೇಳದಿದ್ದರೆ ಲೇಖನ ಅರೆಯಾಗುತ್ತದೆ. ಈ ಕಾಲದಲ್ಲಿ ತಿಮ್ಮ ಎಂಬ ಹೆಸರನ್ನು ದೇಶವೆಲ್ಲ ಕೇಳುವಂತೆ ಮಾಡಿದವರು ಶಾಲೆಯ ಮುಖ ಕಾಣದ ಒಬ್ಬ ಹೆಣ್ಣುಮಗಳು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಬಂದ ತಿಮ್ಮಕ್ಕ, ಮಕ್ಕಳಿಲ್ಲದ ಕೊರಗಿಗೆ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದರು. ಆ ಮರಗಳ ಲೆಕ್ಕ ೩೮೫ ಎಂದು ಪ್ರಸಿದ್ಧವಾಗಿದೆ. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಬಂತು. ೨೦೨೫ರ ನವೆಂಬರಿನಲ್ಲಿ ತೀರಿಕೊಂಡರು. ಸಾಲುಮರದ ತಿಮ್ಮಕ್ಕ ಎಂದಾಗ ಯಾವ ತರಗತಿಯಲ್ಲಿಯೂ ಮಕ್ಕಳು ನಗುವುದಿಲ್ಲ; ನಾನು ಪರೀಕ್ಷಿಸಿ ನೋಡಿದ್ದೇನೆ. ಆಂಧ್ರದ ಕದಿರಿಯ ಬಳಿ ಇರುವ, ೧೯೮೯ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ ಮಹಾವಟವೃಕ್ಷಕ್ಕೂ ತಿಮ್ಮಮ್ಮ ಮರ್ರಿಮಾನು ಎಂದೇ ಹೆಸರು. ತಿಮ್ಮನಿಗೂ ಆಲದ ಮರಕ್ಕೂ ಶಾಸ್ತ್ರದಲ್ಲಿ ಸಂಬಂಧವೇನೂ ಇಲ್ಲ. ಆದರೂ ಕನ್ನಡ, ತೆಲುಗು ನಾಡುಗಳೆರಡರಲ್ಲಿಯೂ ಹೀಗಾಗಿದೆ.

ನಾಮಕರಣದ ವಿಧಿಯಲ್ಲಿ ಮಗುವಿಗೆ ಒಂದೇ ಹೆಸರು ಇರಬೇಕೆಂಬ ನಿಯಮವಿಲ್ಲ. ಕುಲದೇವತೆಯ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ವ್ಯವಹಾರದ ಹೆಸರು ಎಂದು ನಾಲ್ಕು ಬಗೆಯನ್ನು ಹೇಳಿದ್ದಾರೆ. ಕಾಗದದಲ್ಲಿ ಬರೆಯುವುದು ಕೊನೆಯದನ್ನು ಮಾತ್ರ. ಆನೇಕಲ್ಲಿನ ತಿಮ್ಮರಾಯಸ್ವಾಮಿಗೆ ಮಗುವಿನ ಮೊದಲ ಮುಡಿ ಕೊಡಿಸಲು ಬಂದ ಮನೆಯವರು, ತಲೆ ಬೋಳಿಸಿಕೊಂಡು ಅಳುವ ಕೂಸನ್ನು ಎತ್ತಿಕೊಂಡು ಅರ್ಚನೆಗೆ ನಿಲ್ಲುತ್ತಾರೆ. ಅರ್ಚಕರು ಹೆಸರು ಕೇಳಿದಾಗ ತಾಯಿ ಜನನಪತ್ರದಲ್ಲಿರುವ ಹೆಸರನ್ನು ಹೇಳುತ್ತಾಳೆ. ಹಿಂದೆ ನಿಂತ ಅಜ್ಜಿ, ‘ತಿಮ್ಮರಾಯ ಅಂತಾನೂ ಸೇರಿಸ್ಕೊಳ್ಳಿ ಸ್ವಾಮಿ’ ಎನ್ನುತ್ತಾಳೆ. ಅರ್ಚಕರು ಎರಡನ್ನೂ ಹೇಳಿ ಹೂವು ಹಾಕುತ್ತಾರೆ.